ತೋಟ ನೋಡಿ ತೊಗರಿ ಹೇಳುವ ಕೆಲಸ

ಈಚೆಗೆ ಇಬ್ಬರು ಹುಡುಗಿಯರು ಕುಸನೂರಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಬೆಳೆಯ ಅಂದಾಜು ಮಾಡುವ ಯಾವುದೋ ಕಂಪನಿಗೆ ಹೊಸದಾಗಿ ಸೇರಿದ್ದಾರಂತೆ. ತೋಟ, ಹೊಲ ಸುತ್ತಿ ಯಾವ ಗಿಡ ಹೂ ಬಿಟ್ಟಿತು, ಯಾವ ಹಕ್ಕಿ ಬಂತು, ಯಾವ ಹುಳ ಬಿತ್ತು ಎಂದು ಮೊಬೈಲಿನಲ್ಲಿ ತುಂಬುವುದು ಅವರ ಕೆಲಸ. "ಮೇಡಂ, ನೀವು ಜೀವನಪೂರ್ತಿ ಇದೇ ಕೆಲಸ ಮಾಡೀರಂತ. ನಮಗ ಏನರ ಹೇಳ್ರಿ" ಅಂದರು. ಚಹಾ ಕೊಟ್ಟೆ. ಕೊಡುವ ಮೊದಲು ಕಂಪನಿಯ ಗುರುತಿನ ಚೀಟಿ ಕೇಳಿ ನೋಡಿದೆ. ನನ್ನ ಮನೆ ಯಾರು ತೋರಿಸಿದರು, ಅವರಿಗೆ ನನ್ನ ಸುದ್ದಿ ಯಾರು ಹೇಳಿದರು ಎಂದು ಕೇಳಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಪಾಪ, ಕಲಿಯಲು ಬಂದವರನ್ನು ನಾನು ಠಾಣೆಯಲ್ಲಿ ಕೂರಿಸಿದ ಹಾಗೆ ಕೂರಿಸಿದ್ದೆ. ಇದು ನನ್ನ ಸ್ವಭಾವ ಅಂತ ಮನೆಯವರು ಬೈಯುತ್ತಾರೆ. ಸ್ವಭಾವ ಅಲ್ಲ, ಕಸುಬಿನಿಂದ ಬಂದದ್ದು. ಹೇಗೆ ಬಂತು ಎಂಬುದನ್ನು ಅವತ್ತು ಅವರಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನನ್ನ ಹೆಸರು ಸುಮಿತ್ರಾ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಮನೆ. ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿಕೊಂಡು ಸರಕಾರಿ ನೌಕರಿಗೆ ಅರ್ಜಿ ಹಾಕಿ ಹಾಕಿ ಸಾಕಾಗಿ ಕುಳಿತಿದ್ದಾಗ ಕಲಬುರಗಿಯ ಕಾಳುಪೇಟೆ ನೆಹರು ಗಂಜಿನ ಚನ್ನಬಸಪ್ಪ ಸಾಹುಕಾರರು ಕರೆಸಿದರು. ಅವರದು ಅಡತಿ ಅಂಗಡಿ. ರೈತರು ತಂದ ತೊಗರಿ, ಕಡಲೆ, ಹೆಸರನ್ನು ಮಾರಿಸಿಕೊಡುತ್ತಿದ್ದರು. ಸ್ವಂತಕ್ಕೂ ಕೊಂಡು ಗೋದಾಮು ತುಂಬುತ್ತಿದ್ದರು. ಕಮಲಾಪುರದ ಹೊರಗೆ ಅವರಿಗೊಂದು ತೋಟವಿತ್ತು. ಕೆಂಪು ಬಾಳೆ, ಮಾವು, ಬೇವು, ಹುಣಸೆ, ಬಾವಿಯ ಮೇಲೆ ಬಾಗಿದ ಜಾಲಿ, ಮೋಟಾರಿನ ಮನೆಯ ಪಕ್ಕ ಒಂದು ಕಕ್ಕೆ ಮರ. ಬೇಲಿಯ ಅಂಚಿಗೆ ಕೆಲವು ಸಾಲು ತೊಗರಿ, ತಂಪಿನ ದಿನಗಳಲ್ಲಿ ಕಡಲೆ. ಹೊರಗಿನವರ ಬಾಯಲ್ಲಿ ನಾನು ತೋಟದ ಮೇಲ್ವಿಚಾರಕಿ. ಒಳಗಿನ ಕೆಲಸವನ್ನು ಸಾಹುಕಾರರು ಮೊದಲ ದಿನವೇ, ಚೀಲಗಳ ಹಿಂದೆ ಕೂರಿಸಿ, ದನಿ ತಗ್ಗಿಸಿ ಹೇಳಿದರು.

"ಬಾಯಾರ, ನೀವು ಬರೇ ನೋಡ್ರಿ. ಯಾವ ಗಿಡ ಯಾವಾಗ ಚಿಗತದ, ಯಾವಾಗ ಹೂ ಕಟ್ಟೇದ, ಹಕ್ಕಿ ಗೂಡು ಮ್ಯಾಲ ಕಟ್ಯಾವೋ ತೆಳಗ ಕಟ್ಯಾವೋ, ಎಲ್ಲಾ ನೋಡ್ರಿ. ವಾರಕ್ಕೊಮ್ಮೆ ಬಂದು ನನಗ ಒಬ್ಬವಗೇ ಹೇಳ್ರಿ. ಬರದಿಡಬ್ಯಾಡ್ರಿ. ಫೋನಿನ್ಯಾಗ ಅಂತೂ ಹೇಳೇಬ್ಯಾಡ್ರಿ."

ಅವರ ತಂದೆಯ ಕಾಲದಿಂದ ಬಂದ ಪದ್ಧತಿಯಂತೆ. ತೋಟ ಮಳೆಯ ಸುದ್ದಿಯನ್ನು, ಬೆಳೆಯ ಸುದ್ದಿಯನ್ನು ಪೇಟೆಗಿಂತ ಮೊದಲು ಹೇಳುತ್ತದೆ ಎಂಬ ನಂಬಿಕೆ. ಬೆಳೆ ಕೈಕೊಡುತ್ತದೆ ಅನಿಸಿದರೆ ಸಾಹುಕಾರರು ಮಾಲು ಹಿಡಿದಿಡುತ್ತಿದ್ದರು. ಬೆಳೆ ಚೆನ್ನಾಗಿ ಬರುತ್ತದೆ ಅನಿಸಿದರೆ ದರ ಇಳಿಯುವ ಮೊದಲೇ ಮಾರಿಬಿಡುತ್ತಿದ್ದರು. ಒಂದು ತೋಟ ನೋಡಿ ಇಡೀ ಜಿಲ್ಲೆಯ ತೊಗರಿ ಹೇಳುವುದೆಂದರೆ ನನಗೆ ಅರ್ಧ ನಗು, ಅರ್ಧ ಅನುಮಾನ. ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳುವುದಷ್ಟೇ ನನ್ನ ಕೆಲಸವಾದ್ದರಿಂದ ಒಪ್ಪಿಕೊಂಡೆ.

ಸಂಶಯ ಶುರುವಾದದ್ದು ಬಸ್ಸಿನಲ್ಲಿ. ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಸುಮ್ಮನೆ ಮಾತಿಗೆ ಅನ್ನುವಂತೆ "ಏನ್ರೀ, ಈ ಸಲ ಬೇವು ಜೋರ್ ಹೂ ಬಿಟ್ಟಾವೇನು?" ಎಂದು ಕೇಳುತ್ತಿದ್ದರು. ಬೇರೆ ಹೆಣ್ಣುಮಕ್ಕಳನ್ನು ಯಾರೂ ಹಾಗೆ ಕೇಳುವುದಿಲ್ಲ. ಮಕ್ಕಳೆಷ್ಟು, ಊರು ಯಾವುದು ಎಂದು ಕೇಳುತ್ತಾರೆ. ನನಗೆ ಮಾತ್ರ ಬೇವಿನ ಹೂ. ಹೀಗಾಗಿ ಸುಳ್ಳು ಹೇಳುವುದನ್ನು ಕಲಿತೆ. ಹೂ ಬಿಟ್ಟಿದ್ದರೆ "ಇನ್ನೂ ಇಲ್ರೀ", ಬಿಡದಿದ್ದರೆ "ಹೌದ್ರೀ, ಉದುರಿನೂ ಹೋದವು". ನನ್ನ ಗಂಡ ಶಾಲೆಯ ಮಾಸ್ತರರು, ಗಂಜಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಅವರು ಊಟಕ್ಕೆ ಕುಳಿತಾಗ "ಮಾವು ಹೆಂಗವ?" ಅಂದರೂ ನಾನು ಉಪ್ಪಿನಕಾಯಿ ಬಡಿಸಿ ಮಾತು ಬದಲಿಸುತ್ತಿದ್ದೆ.

ಮೊದಲ ದೊಡ್ಡ ಎಡವಟ್ಟು ಕಕ್ಕೆ ಮರದಿಂದಲೇ ಆಯಿತು. ಕಕ್ಕೆ ಹೂ ಬಿಟ್ಟ ಮೇಲೆ ಮಳೆ ದೂರವಿಲ್ಲ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಒಂದು ಬೇಸಿಗೆ, ಇನ್ನೂ ಹೋಳಿಯ ಬಣ್ಣ ಆರಿರಲಿಲ್ಲ, ಮೋಟಾರಿನ ಮನೆಯ ಪಕ್ಕದ ಕಕ್ಕೆ ಹಳದಿ ಗೊಂಚಲು ಇಳಿಬಿಟ್ಟಿತು. ನಾನು ಹೊಸಬಳು, ಉತ್ಸಾಹ ಬಹಳ. ವಾರ ತುಂಬುವುದನ್ನೂ ಕಾಯದೆ ಗಂಜಿಗೆ ಓಡಿ ಹೇಳಿದೆ. ಸಾಹುಕಾರರು ಮಳೆ ಬೇಗ ಬರುತ್ತದೆಂದು ಲೆಕ್ಕ ಹಾಕಿ ಸಾಕಷ್ಟು ಮಾಲು ಮಾರಿಬಿಟ್ಟರು. ಮಳೆ ಬರಲಿಲ್ಲ, ಮಿರಗದ ಮಳೆಯ ದಿನಗಳು ಮುಗಿದರೂ ಬರಲಿಲ್ಲ, ದರ ಏರಿತು. ಆಮೇಲೆ ಮರದ ಬುಡ ಅಗೆದು ನೋಡಿದರೆ ಮೋಟಾರಿನ ಪೈಪು ಒಡೆದು ಎಷ್ಟು ದಿನದಿಂದಲೋ ನೀರು ಸೋರುತ್ತಿತ್ತು. ಮರ ಕುಡಿದದ್ದು ಬಾವಿಯ ನೀರು, ನಾನು ಓದಿದ್ದು ಮಳೆಯ ಸುದ್ದಿ. ಸಾಹುಕಾರರು ಬೈಯಲಿಲ್ಲ. ಒಂದು ವಾರ ನನಗೆ ಚಹಾ ತರಿಸಲಿಲ್ಲ, ಅಷ್ಟೇ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆ ಹುಡುಗಿಯರಿಗೆ ನಾನು ಹೇಳಬೇಕಾಗಿದ್ದ ಮೊದಲ ಮಾತು ಇದು. ಗಿಡ ಏನೋ ಹೇಳುತ್ತಿದೆ ಅನಿಸಿದರೆ ಮೊದಲು ಅದರ ಬುಡ ನೋಡಿ, ಯಾರು ನೀರು ಹಾಕಿದರು ಕೇಳಿ.

ತೋಟದಲ್ಲಿ ಖಾಯಂ ಇದ್ದವಳು ಜಗದೇವಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಬಂದು ಬಾವಿಯ ಪಕ್ಕದ ಖೋಲಿಯಲ್ಲಿ ಇದ್ದಳು. ನೀರು ಬಿಡುವುದು, ಬಾಳೆಗೆ ಮಣ್ಣು ಏರಿಸುವುದು, ದನ ನುಗ್ಗದಂತೆ ಕಾಯುವುದು ಅವಳ ಕೆಲಸ. ಮಗಳು ಕಮಲಾಪುರದ ಶಾಲೆಗೆ ನಡೆದುಹೋಗುತ್ತಿದ್ದಳು. ತೋಟ ತಪ್ಪಿದರೆ ಅವಳಿಗೆ ಮೈದುನನ ಮನೆಯೊಂದೇ ಗತಿ. ಅಲ್ಲಿ ಹುಡುಗಿಯ ಶಾಲೆ ಬಿಡಿಸಿ ಯಾವನಿಗಾದರೂ ಕಟ್ಟಿಬಿಡಲು ತುದಿಗಾಲಲ್ಲಿ ನಿಂತಿದ್ದರು. ಇದನ್ನು ಜಗದೇವಿ ನನಗೆ ಒಂದಲ್ಲ ನೂರು ಸಲ ಹೇಳಿದ್ದಳು. ಅವಳು ಎಲ್ಲವನ್ನೂ ನೂರು ಸಲ ಹೇಳುವವಳೇ. ಬಾಯಿ ಅಂದರೆ ಬಾಯಿ. ಬಾವಿಗೆ ನೀರಿಗೆ ಬಂದವರು, ಕುರಿ ಮೇಯಿಸುವವರು, ಬಾಳೆ ಕೊಳ್ಳಲು ಬಂದವರು, ಎಲ್ಲರನ್ನೂ ನಿಲ್ಲಿಸಿ ಮಾತಾಡುತ್ತಿದ್ದಳು.

ಹಕ್ಕಿಗಳ ವಿಷಯದಲ್ಲಿ ಮಾತ್ರ ಅವಳಿಂದ ನಯಾಪೈಸೆ ಉಪಯೋಗವಿರಲಿಲ್ಲ. ಸಣ್ಣದೆಲ್ಲ ಗುಬ್ಬಿ, ದೊಡ್ಡದೆಲ್ಲ ಕಾಗಿ. ಒಂದು ವರ್ಷ ಜೂನ್ ಹತ್ತಿರ ಬಂದಾಗ ನಾನು ಚಾತಕದ ದಾರಿ ಕಾಯುತ್ತಿದ್ದೆ. ಅದು ಮಳೆಗಾಳಿಯ ಜೊತೆಗೇ ನಮ್ಮ ಕಡೆ ಬರುವ ಹಕ್ಕಿ. ಕರಿ ಬಿಳಿ ಮೈ, ತಲೆಯ ಮೇಲೆ ಜುಟ್ಟು ಎಂದು ಅವಳಿಗೆ ತಿಳಿಸಿ ಹೋಗಿದ್ದೆ. ಮರುದಿನವೇ "ಬಂದದ್ರೀ ಬಾಯಾರ, ಕರೀದು ಬೆಳ್ಳಂದು, ಬಾವಿ ಕಟ್ಟಿ ಮ್ಯಾಲ ಕುಂತು ಬಾಲಾ ಕುಣಸ್ಲಾಕತ್ತದ" ಎಂದಳು. ಹೋಗಿ ನೋಡಿದರೆ ವರ್ಷವಿಡೀ ಅಲ್ಲೇ ಇರುವ ಮಡಿವಾಳ ಹಕ್ಕಿ.

"ಇದಕ್ಕ ಜುಟ್ಟು ಎಲ್ಲದ?" ಅಂದೆ.

"ಕೆಳಗ ಮಾಡಿಕೊಂಡದ ತಗೀರಿ" ಅಂದಳು.

ಇಂಥವಳ ಮೇಲೆ ಸಾಹುಕಾರರ ಸಂಶಯದ ಕಣ್ಣು ಬಿತ್ತು.

ಆದದ್ದು ಇಷ್ಟು. ಸಾಹುಕಾರರು ಮಾಲು ಹಿಡಿದಿಟ್ಟ ದಿನವೇ ಗಂಜಿನ ಎದುರು ಸಾಲಿನ ಅಡತಿ ವ್ಯಾಪಾರಿ ನಾಗಶೆಟ್ಟರೂ ಹಿಡಿದಿಡುತ್ತಿದ್ದರು. ಇವರು ಮಾರಿದ ದಿನ ಅವರೂ ಮಾರುತ್ತಿದ್ದರು. ಒಮ್ಮೆ ಆದರೆ ಕಾಕತಾಳೀಯ. ವರ್ಷ ವರ್ಷ ಹೀಗೇ ಆದಾಗ ಸಾಹುಕಾರರು ನಿದ್ದೆಗೆಟ್ಟರು. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನನ್ನನ್ನು ಕೂರಿಸಿಕೊಂಡು ಹೇಳಿದರು.

"ಬಾಯಾರ, ಯಾರೋ ಸುದ್ದಿ ಒಯ್ಯಾಕತ್ತಾರ. ಆ ಮಾಲಿ ಹೆಣ್ಮಗಳು, ಆಕಿನೇ ಇರಬೇಕು. ಯುಗಾದಿಗೆ ಬಿಡಸ್ತೀನಿ."

ನಮ್ಮಲ್ಲಿ ಹೊಲಮನೆಯ ಆಳುಗಳ ಕರಾರು ಯುಗಾದಿಯಿಂದ ಯುಗಾದಿಗೆ. ಹಬ್ಬದ ದಿನ ಬೇಡ ಅಂದರೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ನನಗೂ ಜಗದೇವಿಯ ಮೇಲೆ ಸಂಶಯ ಇರಲಿಲ್ಲ ಅಂತ ಹೇಳುವುದಿಲ್ಲ. ಅಷ್ಟು ಮಾತಾಡುವವಳು ಏನನ್ನು ಬಿಟ್ಟಿರುತ್ತಾಳೆ? ಆದರೆ ಪೈಪು ಒಡೆದ ಕಕ್ಕೆಯ ಪಾಠ ಮರೆತಿರಲಿಲ್ಲ.

"ಒಂದು ಸಲ ಪರೀಕ್ಷಾ ಮಾಡೋಣ್ರಿ" ಅಂದೆ. "ಆಕಿಗೆ ಸುಳ್ಳ ಹೇಳ್ತೇನಿ. ನಿಮಗ ಖರೇ ಹೇಳ್ತೇನಿ. ಗಂಜಿಗೆ ಯಾವುದು ಮುಟ್ಟತದ ನೋಡೋಣು."

ಸಾಹುಕಾರರಿಗೆ ಇದು ಹಿಡಿಸಿತು. ಇಂಥದ್ದೆಲ್ಲ ಅವರಿಗೆ ಬಹಳ ಹಿಡಿಸುತ್ತಿತ್ತು.

ಆ ವರ್ಷ ತೊಗರಿ ಸೊಗಸಾಗಿತ್ತು. ನಮ್ಮ ಬೇಲಿಯ ಸಾಲಷ್ಟೇ ಅಲ್ಲ, ರಸ್ತೆಯ ಎರಡೂ ಕಡೆ ಕಾಯಿ ಜೋತಾಡುತ್ತಿದ್ದವು. ಜಗದೇವಿ ಬಾಳೆಗೆ ಆಸರೆಯ ಕೋಲು ನಿಲ್ಲಿಸುತ್ತಿದ್ದಳು. ಒಂದು ಕಾಯಿ ಕಿತ್ತು ಬಿಡಿಸಿ ನೋಡಿದಂತೆ ಮಾಡಿ, ಅದನ್ನು ದೂರ ಎಸೆದು, ಮುಖ ಸಣ್ಣ ಮಾಡಿಕೊಂಡು ಅವಳ ಹತ್ತಿರ ಹೋದೆ.

"ಒಳಗೆಲ್ಲಾ ಹುಳ ಬಿದ್ದಾವ ಜಗದೇವಿ. ಮ್ಯಾಲ ಕಾಣಸೂದಿಲ್ಲ. ಈ ಸಲ ತೊಗರಿ ಇಲ್ಲಂತ ತಿಳಕೋ. ಯಾರ ಮುಂದೂ ಹೇಳಬ್ಯಾಡ."

ಸುದ್ದಿ ಊರೆಲ್ಲ ಹಬ್ಬಲಿ ಅಂತಿದ್ದರೆ ಯಾರ ಮುಂದೂ ಹೇಳಬೇಡ ಅನ್ನುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

"ಅಯ್ಯ, ಖರೇನೇನ್ರೀ?" ಎಂದು ಅವಳು ಕೋಲು ಕೆಳಗಿಟ್ಟಳು. ತೊಗರಿ ಸಾಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಛಲೋ ಕಾಣಸ್ತಿತ್ತಲ್ರೀ" ಅಂದಳು. ಅವಳ ಮುಖದಲ್ಲಿ ನಾನು ಹುಡುಕಿದ್ದು ಸಿಗಲಿಲ್ಲ. ಕಳ್ಳಿಯ ಮುಖ ಹೇಗಿರುತ್ತದೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು? ಅದೇ ಮಧ್ಯಾಹ್ನ ಗಂಜಿಗೆ ಹೋಗಿ ಸಾಹುಕಾರರಿಗೆ ಬೆಳೆ ಭರ್ಜರಿ ಇದೆ ಎಂದು ಹೇಳಿದೆ.

ಸಾಹುಕಾರರು ಮರುದಿನದಿಂದ ಹಳೆಯ ಮಾಲು ಮಾರತೊಡಗಿದರು. ಜಗದೇವಿಯ ಸುದ್ದಿ ಗಂಜಿಗೆ ಮುಟ್ಟಿದ್ದರೆ ನಾಗಶೆಟ್ಟರು ಗೋದಾಮಿಗೆ ಕೀಲಿ ಹಾಕಬೇಕಿತ್ತು. ಹಾಕಲಿಲ್ಲ. ಅವರೂ ಅದೇ ಬೆಳಗ್ಗೆ, ಇವರ ಮೊದಲ ಚೀಲ ಹೊರಬೀಳುವ ಮೊದಲೇ, ಮಾರತೊಡಗಿದರು. ಅಂದರೆ ಹೊರಗೆ ಹೋದದ್ದು ನಾನು ಸಾಹುಕಾರರ ಕಿವಿಯಲ್ಲಿ ಹೇಳಿದ ಖರೇ ಸುದ್ದಿ. ನಾನು ಖುಷಿಯಾಗಿ ಓಡಿಬಂದು ಜಗದೇವಿಯದು ತಪ್ಪಿಲ್ಲ ಅಂದೆ. ಸಾಹುಕಾರರು ತಕ್ಕಡಿಯ ಸರಪಳಿ ನೇವರಿಸಿದರು.

"ಖರೇ ಸುದ್ದಿ ಗೊತ್ತಿದ್ದವರು ಇಬ್ಬರೇ" ಅಂದರು. "ಒಬ್ಬವ ನಾನು."

ಇನ್ನೊಬ್ಬಳು ನಾನು. ಇಷ್ಟು ವರ್ಷ ಬಸ್ಸಿನಲ್ಲಿ ಕಂಡವರಿಗೆಲ್ಲ ಸುಳ್ಳು ಹೇಳಿ, ಗಂಡನಿಂದಲೂ ಮುಚ್ಚಿಟ್ಟು ಕಾಪಾಡಿದ ಮಾತಿಗೆ ಇದು ಬಹುಮಾನ. ಸಿಟ್ಟೂ ಬಂತು, ಅಳುವೂ ಬಂತು. ಅಳಲಿಲ್ಲ.

"ಯುಗಾದಿ ಮಟ ಟೈಮ್ ಕೊಡ್ರಿ. ಯಾರು ಅಂತ ಹುಡುಕಿ ಕೊಡ್ತೇನಿ" ಅಂದೆ.

"ಹುಡುಕ್ರಿ. ಸಿಗಲಿಲ್ಲಂದ್ರ ಆಕಿನ್ನೂ ಬಿಡಸ್ತೀನಿ, ನಿಮ್ಮನ್ನೂ ಬಿಡಸ್ತೀನಿ" ಅಂದರು.

ಅಲ್ಲಿಯವರೆಗೆ ನಾನು ಗಂಜಿಗೆ ಯಾವಾಗಲೂ ಮಧ್ಯಾಹ್ನ ಹೋಗುತ್ತಿದ್ದೆ. ಬೆಳಗಿನ ಗಂಜು ಹೇಗಿರುತ್ತದೆಂದು ನೋಡಿಯೇ ಇರಲಿಲ್ಲ. ಈಗ ಮೊದಲ ಬಸ್ಸು ಹಿಡಿದು ಹೋಗಿ, ಸಾಹುಕಾರರ ಅಂಗಡಿ ಕಾಣುವಂತೆ ರಹೀಂ ಚಾಚಾನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂರತೊಡಗಿದೆ. ಹಕ್ಕಿ ನೋಡಲು ಹೇಗೆ ಕೂರುತ್ತೇವೋ ಹಾಗೆಯೇ. ಮೈ ಅಲುಗಿಸಬಾರದು, ಒಂದೇ ಕಡೆ ದಿಟ್ಟಿಸಬಾರದು, ಏನು ಕಾಣಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡಿರಬಾರದು. ನಾನು ಮೊದಲು ಸಾಹುಕಾರರ ಲೆಕ್ಕ ಬರೆಯುವ ಮುನೀಮನ ಮೇಲೆ ಕಣ್ಣಿಟ್ಟೆ. ಅವನು ಎಲೆ ಅಡಿಕೆ ತರಲು ಎದ್ದರೆ ನಾನೂ ಎದ್ದು ಹಿಂದೆ ಹೋಗುತ್ತಿದ್ದೆ. ಅವನು ಎಲೆ ಅಡಿಕೆಯನ್ನೇ ತರುತ್ತಿದ್ದ. ಹಮಾಲರನ್ನು ನೋಡಿದೆ. ಗೋಣಿಚೀಲ ಹೊಲಿಯುವ ಹೆಂಗಸರನ್ನು ನೋಡಿದೆ. ಎಲ್ಲರೂ ಕಳ್ಳರ ಹಾಗೇ ಕಂಡರು.

ಆ ವರ್ಷ ಕಡಲೆ ಹೂ ಬಿಡುವ ಹೊತ್ತಿಗೆ ಮೋಡ ಕಟ್ಟಿ, ಮಂಜು ಬಿದ್ದು, ತೋಟದ ಕಡಲೆಯ ಹೂವೆಲ್ಲ ಕಪ್ಪಾಗಿ ಉದುರಿದವು. ಗಿಡದ ಬುಡ ನೋಡಿದೆ, ಸುತ್ತಲ ಹೊಲಗಳನ್ನೂ ಹೊಕ್ಕು ನೋಡಿದೆ. ಎಲ್ಲ ಕಡೆ ಅದೇ. ಮಧ್ಯಾಹ್ನ ಸಾಹುಕಾರರಿಗೆ ಹೇಳಿದೆ. ಅವರು "ಹ್ಞೂಂ" ಅಂದರು. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

ಮರುದಿನ ಬೆಳಗ್ಗೆ ನಾನು ಚಾಚಾನ ಬೆಂಚಿನ ಮೇಲಿದ್ದೆ. ಸಾಹುಕಾರರು ಹಣೆಗೆ ವಿಭೂತಿ ಧರಿಸಿ ಬಂದರು. ಅಂಗಡಿಯ ಮುಂದೆ ಒಂದು ಹಾಸುಗಲ್ಲು ಇತ್ತು. ದಿನಾ ಬೆಳಗ್ಗೆ ಅದರ ಮೇಲೆ ಪಾರಿವಾಳಗಳಿಗೆ ತಮ್ಮ ಕೈಯಾರೆ ಜೋಳ ಚೆಲ್ಲುವುದು ಅವರ ಮನೆತನದ ನೇಮ. ಅವತ್ತೂ ಚೆಲ್ಲಿದರು. ಆದರೆ ಹಿಂದಿನ ದಿನಗಳಲ್ಲಿ ನಾನು ನೋಡಿದಂತೆ ಚೆಲ್ಲಲಿಲ್ಲ. ಮುಷ್ಟಿ ಪೂರ್ತಿ ತೆರೆಯಲಿಲ್ಲ. ಬೆರಳ ಸಂದಿಯಿಂದ ಕಾಳು ಬಿಡುತ್ತ ಬಿಡುತ್ತ ಬೇಗ ಚೀಲದ ಬಾಯಿ ಕಟ್ಟಿದರು. ಪಾರಿವಾಳಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಕಲ್ಲು ಬರಿದು ಮಾಡಿ, ಸುತ್ತ ಹೆಜ್ಜೆ ಹಾಕಿ, ಒಮ್ಮೆಲೇ ಎದ್ದು ಎದುರು ಸಾಲಿನ ನಾಗಶೆಟ್ಟರ ಅಂಗಡಿಯ ಮುಂದೆ ಇಳಿದವು. ಅಲ್ಲಿ ಚೀಲದಿಂದ ಸೋರಿದ ಕಾಳು ಬಿದ್ದಿರುತ್ತಿತ್ತು.

ಆಗ ನಾಗಶೆಟ್ಟರು ಬಂದರು. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು. ದರದ ಹಲಗೆ ನೋಡಲಿಲ್ಲ. ಕಾಲ ಬಳಿ ನೆರೆದ ಪಾರಿವಾಳ ನೋಡಿದರು, ಸಾಹುಕಾರರ ಬರಿದಾದ ಕಲ್ಲು ನೋಡಿದರು, ತಮ್ಮ ಮುನೀಮನಿಗೆ "ಕಡಲಿ ಇವತ್ತು ಮಾರಾಕ ತಗೀಬ್ಯಾಡ" ಅಂದರು.

ನಾನು ಚಾಚಾನ ಮುಖ ನೋಡಿದೆ. ಅವನು ಲೋಟ ತೊಳೆಯುತ್ತ ಮಾಮೂಲಿ ಮಾತು ಹೇಳುವಂತೆ ಹೇಳಿದ.

"ಇದು ಎಲ್ಲಾರಿಗೂ ಮಾಲೂಮ್ ಅದರೀ ಬಾಯಿ. ಸಾವ್ಕಾರ್ರ ಮುಠ್ಠಿ ಛೋಟಾ ಆತು ಅಂದ್ರ ಮಾಲ್ ಹಿಡೀತಾರ. ಬಡಾ ಆತು ಅಂದ್ರ ಬಿಡ್ತಾರ. ಕಬೂತರ್ ಎಲ್ಲಿ ಅದಾವ ನೋಡಿದ್ರ ಬಸ್."

ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ತೋಟದಲ್ಲಿ ಕುಳಿತು ಹಕ್ಕಿ ನೋಡಿ ಹೇಳು ಎಂದು ನನಗೆ ಪಗಾರ ಕೊಡುತ್ತಿದ್ದ ಮನುಷ್ಯನನ್ನು ಇಡೀ ಗಂಜು ಪುಕ್ಕಟೆಯಾಗಿ ಹಕ್ಕಿ ನೋಡಿ ಓದುತ್ತಿತ್ತು. ಕೊರತೆಯ ಸುದ್ದಿ ಕೇಳಿದ ದಿನ ಅವರ ಕೈ ತಾನಾಗಿ ಬಿಗಿಯುತ್ತಿತ್ತು. ಮುಖಕ್ಕೆ ಬೀಗ ಹಾಕಿದ್ದರು, ಕೈಗೆ ಹಾಕಿರಲಿಲ್ಲ. ಹಾಗಂತ ಒಂದೇ ಬೆಳಗ್ಗೆ ನೋಡಿ ನಂಬುವ ಹೆಂಗಸು ನಾನಲ್ಲ. ಮುಂದಿನ ವಾರಗಳಲ್ಲೂ ಹೋಗಿ ಕುಳಿತೆ. ನಾನು ಒಳ್ಳೆಯ ಸುದ್ದಿ ಹೇಳಿದ ಮರುದಿನ ಜೋಳ ಕಲ್ಲು ಮೀರಿ ರಸ್ತೆಗೆ ಹಾರುತ್ತಿತ್ತು. ಕೆಟ್ಟ ಸುದ್ದಿಯ ಮರುದಿನ ಪಾರಿವಾಳಗಳು ಎದುರು ಸಾಲಿಗೆ ಹೋಗುತ್ತಿದ್ದವು.

ಯುಗಾದಿ ಹತ್ತಿರ ಬಂದಿತ್ತು. ಬೇವು ಹೂ ಬಿಟ್ಟಿತ್ತು, ಜಗದೇವಿಯ ಮಗಳಿಗೆ ಪರೀಕ್ಷೆ ನಡೆದಿತ್ತು. ಸಾಹುಕಾರರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಅವರು ತಮ್ಮ ಬಲಗೈ ಅಂಗೈ ಎತ್ತಿ ನೋಡಿಕೊಂಡರು. ಮುಚ್ಚಿದರು, ತೆರೆದರು.

"ಇದನ್ನ ಯಾರ್ಯಾರಿಗೆ ಹೇಳೀರಿ?" ಅಂದರು.

"ಯಾರಿಗೂ ಇಲ್ಲ."

"ಛಲೋ ಆತು." ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಜಗದೇವಿನ್ನ ಯುಗಾದಿಗೆ ಬಿಡಸೂದೇ" ಅಂದರು.

ನನಗೆ ಅರ್ಥವಾಗಲಿಲ್ಲ. "ಆಕಿದು ತಪ್ಪಿಲ್ಲ ಅಂತ ಈಗಷ್ಟೇ ಹೇಳಿದೆನಲ್ರೀ."

"ತಪ್ಪಿಲ್ಲಂತ ನನಗೂ ನಿಮಗೂ ಗೊತ್ತದ. ಗಂಜಿಗೆ ಗೊತ್ತಿಲ್ಲ. ಆಕಿನ್ನ ಜಗಳಾ ಮಾಡಿ ಹೊರಗ ಹಾಕಿದ್ರ ಮಂದಿ ಏನಂತಾರ? ಸಾವ್ಕಾರಗ ಮಾಲಿ ಮ್ಯಾಲ ಸಂಶಯ ಬಂದದ, ಪಾರಿವಾಳದ ಸುದ್ದಿ ಅವಗ ಇನ್ನಾ ತಿಳದಿಲ್ಲ ಅಂತಾರ. ಆಮ್ಯಾಲ ನನ್ನ ಮುಠ್ಠಿ ನನ್ನ ಕೈಯಾಗ. ಮಾಲ್ ಹಿಡಿಯೋ ದಿನ ಚೆಲ್ಲಿ ಚೆಲ್ಲಿ ಹಾಕ್ತೀನಿ. ನಾಗಶೆಟ್ಟಿ ಮಾರ್ಕೋತಾ ಕೂಡಲಿ."

ಇದನ್ನು ಅವರು ಕೋಪದಿಂದ ಹೇಳಲಿಲ್ಲ. ಕಾಳು ತೂಗುವಾಗಿನ ದನಿಯಲ್ಲೇ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಅವಳನ್ನು ಉಳಿಸಲೆಂದು ನಾನು ಹುಡುಕಿ ತಂದ ಸತ್ಯವನ್ನೇ ಹಿಡಿದು ಅವಳನ್ನು ಹೊರಗೆ ಹಾಕಲು ಹೊರಟಿದ್ದರು. ಆ ಹುಡುಗಿಯ ಶಾಲೆ, ಮೈದುನನ ಮನೆ, ಎಲ್ಲವೂ ಕಣ್ಣ ಮುಂದೆ ಬಂತು.

"ಹಂಗಾದ್ರ ನನ್ನದೂ ಒಂದು ಮಾತು ಕೇಳ್ರಿ" ಅಂದೆ. "ಜಗದೇವಿ ತೋಟ ಬಿಟ್ಟ ದಿನ ನಾನು ನಾಗಶೆಟ್ಟರ ಅಂಗಡ್ಯಾಗ ಹೋಗಿ ಕೂಡ್ತೇನಿ. ಸಾವ್ಕಾರ್ರಿಗೆ ಪಾರಿವಾಳದ ಸುದ್ದಿ ತಿಳದದ ಅಂತ ಹೇಳ್ತೇನಿ. ಇನ್ನ ಮುಂದ ಅವರ ಮುಠ್ಠಿ ನಂಬಬ್ಯಾಡ್ರಿ ಅಂತ ಹೇಳ್ತೇನಿ. ಅಷ್ಟೇ."

"ನನ್ನ ಅನ್ನ ಉಂಡು ನನಗೇ..."

"ದುಡದು ಉಂಡೇನ್ರಿ."

ಅವರು ನನ್ನನ್ನು ಹೊಸದಾಗಿ ನೋಡಿದಂತೆ ನೋಡಿದರು. ನನ್ನ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದೆ. ಮುಖವನ್ನು ಅವರಿಂದಲೇ ಕಲಿತ ಹಾಗೆ ಇಟ್ಟುಕೊಂಡಿದ್ದೆ. ಕೊನೆಗೆ ಅವರು ನಕ್ಕರು.

"ಬಾಯಾರ, ನೀವು ಗಂಜಿನ್ಯಾಗ ಅಂಗಡಿ ಹಾಕಬೇಕಾಗಿತ್ತು" ಅಂದರು. ಯುಗಾದಿಗೆ ಜಗದೇವಿಗೆ ಹೊಸ ಸೀರೆ ಕೊಟ್ಟು ಕರಾರು ಮುಂದುವರಿಸಿದರು.

ಆಮೇಲೂ ನಾನು ಅವರಲ್ಲಿ ಅನೇಕ ವರ್ಷ ದುಡಿದೆ. ನಮ್ಮಿಬ್ಬರ ನಡುವೆ ನಂಬಿಕೆ ಮಾತ್ರ ಮತ್ತೆ ಬರಲಿಲ್ಲ. ವಾರವಾರ ಮೋಟಾರ್‌ಸೈಕಲ್ ಮೇಲೆ ಒಬ್ಬ ಮನುಷ್ಯ ತೋಟದ ಬೇಲಿಯ ಗುಂಟ ನಿಧಾನಕ್ಕೆ ಹೋಗುತ್ತಿದ್ದ. ನಾನು ಹೇಳಿದ್ದನ್ನು ತಾಳೆ ನೋಡಲು ಸಾಹುಕಾರರೇ ಕಳಿಸುತ್ತಿದ್ದರು ಎಂದು ನನ್ನ ಗುಮಾನಿ. ಇವತ್ತಿಗೂ ಅದು ಖಾತ್ರಿಯಾಗಿಲ್ಲ. ಸಾಹುಕಾರರು ತಮ್ಮ ಮುಷ್ಟಿಯನ್ನು ಪಳಗಿಸಿಕೊಂಡರು. ನಾಗಶೆಟ್ಟರು ಒಂದೆರಡು ಸಲ ಏಟು ತಿಂದ ಮೇಲೆ ಪಾರಿವಾಳಗಳನ್ನು ನೋಡುವುದನ್ನೇ ಬಿಟ್ಟರು. ಪಾರಿವಾಳಗಳಿಗೆ ಮಾತ್ರ ಆ ವರ್ಷಗಳಲ್ಲಿ ಒಳ್ಳೆಯ ಹೊಟ್ಟೆ ತುಂಬಿತು.

ಸಾಹುಕಾರರು ತೀರಿಕೊಂಡ ಮೇಲೆ ಅವರ ಮಗಳು ವ್ಯವಹಾರ ವಹಿಸಿಕೊಂಡರು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಉಪಗ್ರಹದ ಚಿತ್ರ ನೋಡಿ ಎಲ್ಲಿ ಹಸಿರಿದೆ, ಎಲ್ಲಿ ಒಣಗಿದೆ ಹೇಳುತ್ತಾರೆ. ನನ್ನ ಸುದ್ದಿಯ ಅಗತ್ಯ ಅವರಿಗೆ ಅಷ್ಟಾಗಿ ಇರಲಿಲ್ಲ. ಆದರೂ ನಿವೃತ್ತಿಯ ತನಕ ಇಟ್ಟುಕೊಂಡರು. ನನಗೊಂದು ಮೊಬೈಲು ಕೊಡಿಸಿ, ಹಕ್ಕಿಯ ಫೋಟೋ ತೆಗೆದರೆ ಹೆಸರು ಹೇಳುವ ಆಪ್ ಹಾಕಿಸಿಕೊಟ್ಟರು. ಒಳ್ಳೆಯ ವಸ್ತು. ಆದರೆ ಅದು ಒಮ್ಮೆ ಹೆಣ್ಣು ಕೋಗಿಲೆಯನ್ನು ಗಿಡುಗ ಅಂದಿತು. ಮಸುಕಾದ ಫೋಟೋ ಕೊಟ್ಟರೆ ಅದಾದರೂ ಏನು ಮಾಡೀತು? ಹುಡುಗಿಯರಿಗೆ ಹೇಳುವುದಿಷ್ಟೇ. ಆಪ್ ಹೇಳಿದ್ದನ್ನು ಕಣ್ಣಿನಿಂದ ನೋಡಿ, ಕಣ್ಣಿಗೆ ಕಂಡದ್ದನ್ನು ಇನ್ನೊಂದು ದಿನ ಹೋಗಿ ನೋಡಿ. ಹೊಲದವನು ಹೇಳಿದ್ದನ್ನು ಪಕ್ಕದ ಹೊಲದವನಿಗೆ ಕೇಳಿ. ನಿಮ್ಮ ಸಾಹೇಬರು ಯಾವ ಉತ್ತರ ಬಯಸುತ್ತಿದ್ದಾರೆ ಎಂದು ಗೊತ್ತಾದರೆ ಆ ಉತ್ತರವನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸಿ. ಪಗಾರ ಕಡಿಮೆ ಬಂದರೂ ರಾತ್ರಿ ನಿದ್ದೆ ಬರುತ್ತದೆ.

ನನ್ನ ಕೊನೆಯ ದಿನ ತೋಟಕ್ಕೆ ಹೋಗಿದ್ದೆ. ಜಗದೇವಿಯ ಮಗಳು ಅಷ್ಟು ಹೊತ್ತಿಗೆ ನರ್ಸಿಂಗ್ ಓದಿ ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದ್ದಳು. ತಾಯಿಯನ್ನು ಕರೆದರೂ ಜಗದೇವಿ ತೋಟ ಬಿಟ್ಟು ಬರಲು ಒಪ್ಪಿರಲಿಲ್ಲ. ನನಗೆಂದು ಕೆಂಪು ಬಾಳೆಯ ಗೊನೆಯೊಂದನ್ನು ಕಡಿದಿಟ್ಟಿದ್ದಳು. ಬಾವಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ಅವಳು ಅದೂ ಇದೂ ಮಾತಾಡಿ, ನಡುವೆ ಸುಮ್ಮನಾದಳು. ಅವಳು ಸುಮ್ಮನಾದದ್ದೇ ನನಗೆ ಅನುಮಾನವಾಯಿತು.

"ಬಾಯಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಅಂದಳು. "ಆ ವರ್ಷ ತೊಗರಿಗಿ ಹುಳ ಬಿದ್ದಾವ ಅಂದಿದ್ರಿ. ನೆಪ್ಪದ ಏನ್ರೀ?"

"ಅದ" ಅಂದೆ.

"ನೀವು ಬಸ್ಸಿಗಿ ಹೋದ ಮ್ಯಾಲ ನಾ ಹೋಗಿ ಕಾಯಿ ಬಿಚ್ಚಿ ನೋಡಿದ್ನಿರೀ. ಒಂದ್ ಸಾಲ ಪೂರಾ ನೋಡಿದ್ನಿ. ಹುಳ ಇರಲಿಲ್ಲ. ಬಾಯಾರ ಕಣ್ಣು ಹೋಗ್ಲಾಕತ್ತಾವ, ಇದು ಸಾವ್ಕಾರ್ರಿಗಿ ತಿಳದ್ರ ಕೆಲಸದಿಂದ ತೆಗೀತಾರ ಅಂತ ನನಗ ಭಾಳ ಅಂಜಿಕಿ ಆತು. ಎರಡ್ ದಿನ ಕೂಳ ಸೇರಲಿಲ್ರೀ. ಅದಕ್ಕ ಆ ಸಲ ಯಾರು ಕೇಳಿದ್ರೂ ತೊಗರಿ ಸುದ್ದಿನೇ ನಾ ಬಾಯಾಗ ತರಲಿಲ್ಲ."

ನಾನು ಬಾವಿಯ ನೀರು ನೋಡುತ್ತ ಕುಳಿತೆ. ನನಗೆ ನಾಚಿಕೆಯಾಯಿತು. ನಾನು ಅವಳನ್ನು ಹಿಡಿಯಲು ಬಲೆ ಒಡ್ಡಿದ ದಿನ ಅವಳು ನನ್ನ ಕೆಲಸ ಉಳಿಸಲೆಂದು ಬಾಯಿ ಕಟ್ಟಿಕೊಂಡಿದ್ದಳು. ಅದರ ಹಿಂದೆಯೇ ಇನ್ನೊಂದು ಯೋಚನೆ, ನನ್ನ ಹಳೆಯ ಜಾಡಿನದು, ಎದ್ದು ಬಂತು. ಆ ಸಲ ಹೇಳಲಿಲ್ಲ ಅಂದರೆ ಉಳಿದ ಸಲ? ಯಾರು ಬಂದು ಕೇಳುತ್ತಿದ್ದರು? ಏನು ಹೇಳುತ್ತಿದ್ದಳು? ಹಾಗಾದರೆ ನನ್ನ ಪರೀಕ್ಷೆ ಏನನ್ನೂ ತೋರಿಸಿರಲಿಲ್ಲ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಜಗದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ನೋವಾಯಿತೋ ಎಂದು.

"ಹೌದು ಜಗದೇವಿ" ಅಂದೆ. "ಆವಾಗ ನನ್ನ ಕಣ್ಣು ಸ್ವಲ್ಪ ಮಂದ ಆಗಿದ್ದವು."

"ನನಗ ಗೊತ್ತಿತ್ತು ಬಿಡ್ರಿ" ಎಂದು ಅವಳು ಎದ್ದು, ಬಾಳೆಗೊನೆಯನ್ನು ಹೆಗಲಿಗೇರಿಸಿಕೊಂಡು, ನನ್ನ ಮುಂದೆ ಮುಂದೆ ಬಸ್ಸಿನ ದಾರಿಗೆ ನಡೆದಳು.